ಒಂದೇ ಒಲೆಯ ಜೈಲು

ಎರಡನೆಯ ವ್ಯಾನು ಗೇಟಿನ ಮುಂದೆ ಬಂದು ನಿಂತಾಗ ನನಗೆ ಹೊಟ್ಟೆ ಹಸಿದಿತ್ತು, ಮಸಿ ಕುಡಿಕೆ ಬರಿದಾಗುತ್ತ ಬಂದಿತ್ತು, ಸಿಟ್ಟು ನೆತ್ತಿಗೇರಿತ್ತು. ಮೊದಲನೆಯ ವ್ಯಾನಿನಲ್ಲಿ ಬಂದವರನ್ನು ದಾಖಲು ಪುಸ್ತಕಕ್ಕೆ ಏರಿಸುವಷ್ಟರಲ್ಲೇ ಊಟದ ಹೊತ್ತು ಮೀರಿತ್ತು. ಒಬ್ಬೊಬ್ಬರ ಹೆಸರು, ತಂದೆಯ ಹೆಸರು, ಊರು, ವಯಸ್ಸು, ಮೈಮೇಲಿನ ಗುರುತು ಬರೆಯಬೇಕು. ಸೊಂಟದ ಉಡುದಾರದಿಂದ ಹಿಡಿದು ಎಲೆಅಡಿಕೆ ಚೀಲದವರೆಗೆ ಎಲ್ಲ ಬಿಚ್ಚಿಸಿ, ಬರೆದು, ಗಂಟು ಕಟ್ಟಿ, ನಂಬರು ಹಾಕಬೇಕು. ಆಮೇಲೆ ಕೊನೆಯ ಪ್ರಶ್ನೆ. ಈ ಕಥೆಯೆಲ್ಲ ಆ ಕೊನೆಯ ಪ್ರಶ್ನೆಯದೇ.

ಹೆಬ್ಬಾಳದಿಂದ ಯಲಹಂಕಕ್ಕೆ ಹೋಗುವ ರಸ್ತೆಯಲ್ಲಿ, ಬ್ಯಾಟರಾಯನಪುರ ದಾಟಿದ ಮೇಲೆ, ಯುದ್ಧದ ಕಾಲದಲ್ಲಿ ಸೈನ್ಯದವರು ಕಟ್ಟಿ ಬಿಟ್ಟುಹೋಗಿದ್ದ ಎರಡು ತಗಡಿನ ಶೆಡ್ಡುಗಳಿದ್ದವು. ಎದುರುಬದುರಾಗಿ ನಿಂತ ಆ ಶೆಡ್ಡುಗಳ ಸುತ್ತ ಮುಳ್ಳುತಂತಿ ಬಿಗಿದು, ‘ತಾತ್ಕಾಲಿಕ ಜೈಲು’ ಎಂದು ಬೋರ್ಡು ತಗುಲಿಸಿದ್ದರು. ತಾತ್ಕಾಲಿಕಕ್ಕೆ ಆಗಲೇ ನಾಲ್ಕನೆಯ ವರ್ಷ. ನಾನು ಅಲ್ಲಿ ಸಹಾಯಕ ಜೈಲರ್. ಮತ್ತಿಕೆರೆಯ ಮನೆಯಿಂದ ಸೈಕಲ್ಲಿನಲ್ಲಿ ಬಂದು ಹೋಗುತ್ತಿದ್ದೆ. ಅರವತ್ತರ ದಶಕ ಆಗತಾನೆ ಶುರುವಾಗಿತ್ತು.

ಜೈಲಿಗೆ ಕಾರಣವಾದ ಜಗಳವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಯಲಹಂಕದಾಚೆಯ ಏಳೆಂಟು ಹಳ್ಳಿಗಳವರು ನಡೆದುಕೊಳ್ಳುವ ಒಂದು ಮಠವಿತ್ತು. ಸ್ವಾಮಿಗಳು ತೀರಿಕೊಂಡ ಮೇಲೆ ಇಬ್ಬರು ಪೀಠಕ್ಕೆ ಕೂತರು. ಒಬ್ಬರು ಹಳೆಯ ಮಠದಲ್ಲಿ, ಇನ್ನೊಬ್ಬರು ಕೆರೆಯಾಚೆ ಕಟ್ಟಿಸಿದ ಹೊಸ ಮಠದಲ್ಲಿ. ಜನ ಹಳೇ ಗದ್ದುಗೆ, ಹೊಸ ಗದ್ದುಗೆ ಎಂದು ಎರಡು ಪಾಲಾದರು. ಮದುವೆಮನೆಯಲ್ಲಿ ಮೊದಲ ತಾಂಬೂಲವನ್ನು ಯಾವ ಗದ್ದುಗೆಯ ಹೆಸರಿನಲ್ಲಿ ಎತ್ತಿಡಬೇಕು ಎಂಬುದರಿಂದ ಶುರುವಾದ ತಗಾದೆ, ಚುನಾವಣೆ ಬಂದದ್ದೇ ತಡ, ಪಕ್ಷಗಳ ಜಗಳವಾಯಿತು. ಒಂದು ಪಕ್ಷದವರು ಹಳಬರ ಬೆನ್ನಿಗೆ ನಿಂತರು, ಎದುರು ಪಕ್ಷದವರು ಹೊಸಬರ ಬೆನ್ನಿಗೆ. ಹುಲ್ಲಿನ ಬಣವೆಗಳು ಉರಿದವು, ತಲೆಗಳು ಒಡೆದವು, ಒಂದು ಜೀವವೂ ಹೋಯಿತು. ಪ್ರತಿ ಗಲಾಟೆಗೂ ಪೊಲೀಸರು ಎರಡೂ ಕಡೆಯಿಂದ ಸಿಕ್ಕಸಿಕ್ಕವರನ್ನು ಬಾಚಿ ತಂದು ನಮ್ಮಲ್ಲಿ ತುಂಬುತ್ತಿದ್ದರು.

ಮೊದಮೊದಲು ಎಲ್ಲರನ್ನೂ ಒಂದೇ ಶೆಡ್ಡಿಗೆ ಹಾಕುತ್ತಿದ್ದೆವು. ಒಂದು ಸಲ ಒಳಗೇ ಹೊಡೆದಾಟವಾಗಿ, ಬಿಡಿಸಲು ಹೋದ ವಾರ್ಡರನ ಕೈ ಮುರಿಯಿತು. ಆಮೇಲೆ ನಾನೊಂದು ಉಪಾಯ ಮಾಡಿದೆ. ದಾಖಲು ಪುಸ್ತಕದ ಕೊನೆಯಲ್ಲಿ ಷರಾ ಎಂಬ ಕಾಲಂ ಇರುತ್ತದೆ. ಗಾಯ, ಕಾಯಿಲೆ ಏನಾದರೂ ಇದ್ದರೆ ಅಲ್ಲಿ ಬರೆಯಬೇಕು, ಇಲ್ಲದಿದ್ದರೆ ಖಾಲಿ ಬಿಡಬೇಕು. ಅದರಲ್ಲಿ ನಾನು ‘ಹಳೇ ಗದ್ದುಗೆ’, ‘ಹೊಸ ಗದ್ದುಗೆ’ ಎಂದು ಬರೆಯತೊಡಗಿದೆ. ಅದರಂತೆ ಹಳಬರು ಒಂದನೇ ಶೆಡ್ಡಿಗೆ, ಹೊಸಬರು ಎರಡನೇ ಶೆಡ್ಡಿಗೆ. ಯಾವ ಕಾನೂನಿನಲ್ಲೂ ಇಲ್ಲದ ಏರ್ಪಾಡು ಇದು. ಹೊಡೆದಾಟ ನಿಂತಿತು, ತನಿಖೆಗೆ ಬಂದ ಸೂಪರಿಂಟೆಂಡೆಂಟರು ಬೆನ್ನು ತಟ್ಟಿದರು, ನಾನು ಉಬ್ಬಿಹೋದೆ.

ಹೊಡೆದಾಟವೇನೋ ನಿಂತಿತು. ಆದರೆ ಒಂದೇ ಕಡೆಯವರು ಒಂದೇ ಸೂರಿನಡಿ ಹದಿನೈದು ದಿನ ಕೂತರೆ ಏನಾಗುತ್ತದೆ ಎಂದು ನಾನು ಯೋಚಿಸಿರಲಿಲ್ಲ. ಸಂತೆಗೆ ಹೋಗುತ್ತಿದ್ದಾಗ ಪೊಲೀಸರ ಕೈಗೆ ಸಿಕ್ಕ ಪಾಪದವನೂ ಒಳಗೆ ನಾಲ್ಕು ದಿನ ಭಜನೆ, ಭಾಷಣ ಕೇಳಿ ಕೆಂಡವಾಗುತ್ತಿದ್ದ. ಬಿಡುಗಡೆಯ ದಿನ ಹೂವಿನ ಹಾರ ಹಿಡಿದು ಜನ ಗೇಟಿಗೆ ಬರುತ್ತಿದ್ದರು. ಜೈಲು ಕಂಡು ಬಂದವನೇ ಮುಂದಿನ ಪಂಚಾಯಿತಿ ಚುನಾವಣೆಯ ಅಭ್ಯರ್ಥಿ. ಜಗಳ ತಣ್ಣಗಾಗಲಿ ಎಂದು ಸರ್ಕಾರ ನಮ್ಮ ಬಳಿಗೆ ಜನರನ್ನು ಕಳಿಸುತ್ತಿತ್ತು, ನಾವು ಅವರಿಗೆ ಕಾವು ಕೊಟ್ಟು ಕಳಿಸುತ್ತಿದ್ದೆವು.

ಆ ದಿನ ಮೊದಲನೆಯ ವ್ಯಾನಿನಲ್ಲಿ ಬಂದವರು ಹೊಸಬರು, ಎರಡನೆಯದರಲ್ಲಿ ಬಂದವರೆಲ್ಲ ಹಳಬರು. ಆ ಬೆಳಿಗ್ಗೆ ಒಂದು ಮದುವೆಮನೆಯಲ್ಲಿ ತಾಂಬೂಲದ ಗಲಾಟೆಯಾಗಿ, ಪೊಲೀಸರು ಚಪ್ಪರಕ್ಕೆ ಚಪ್ಪರವನ್ನೇ ಖಾಲಿ ಮಾಡಿಸಿದ್ದರು. ಸಾಲಿನ ಕೊನೆಯಲ್ಲಿ ನಲವತ್ತು ದಾಟಿದ ಒಬ್ಬ ಸಣಕಲು ಆಸಾಮಿ, ಮೊಣಕಾಲವರೆಗೆ ಮಸಿ ಮೆತ್ತಿಕೊಂಡು, ಮಾರುದ್ದದ ಕಬ್ಬಿಣದ ಸೌಟು ಹಿಡಿದು ನಿಂತಿದ್ದ. ಅಡಿಗೆಯವನು. ಒಲೆಯ ಮುಂದಿನಿಂದಲೇ ಎಳೆದು ತಂದಿದ್ದರು. ‘ಕಬ್ಬಿಣದ ಸೌಟು, ಒಂದು’ ಎಂದು ಜಮಾ ಬರೆದುಕೊಂಡು ಕೊನೆಯ ಪ್ರಶ್ನೆ ಕೇಳಿದೆ.

“ಯಾವ ಕಡೆಯವನಯ್ಯಾ?”

“ಎಲ್ಡು ಕಡೀಗೂ ಅಡಿಗೆ ಮಾಡ್ತೀನಿ ಸ್ವಾಮಿ.”

“ಅದಲ್ಲ. ಯಾವ ಗದ್ದುಗೆ?”

“ಯಾವ್ದೂ ಇಲ್ಲ ಸ್ವಾಮಿ. ನಮ್ ಮನೆದ್ಯಾವ್ರೇ ಬ್ಯಾರೆ. ನಾವು ಯಾರ ತಾಂಬೂಲಾನೂ ಇಸ್ಕೊಳ್ಳಲ್ಲ. ಕರೆದ್ರೆ ಓಗ್ತೀವಿ, ಬೇಯಿಸ್ತೀವಿ, ಬತ್ತೀವಿ.”

“ಯಾವುದಾದರೂ ಒಂದು ಹೇಳು. ನನಗೆ ಬೇರೆ ಕೆಲಸ ಇಲ್ಲ ಅಂದ್ಕೊಂಡಿದೀಯಾ?”

ಪಕ್ಕದಲ್ಲಿದ್ದ ಹೆಡ್ ವಾರ್ಡರು, ನನಗಿಂತ ಇಪ್ಪತ್ತು ವರ್ಷ ಹಿರಿಯರು, ಬಗ್ಗಿ ನನ್ನ ಕಿವಿಯಲ್ಲಿ, “ಖಾಲಿ ಬಿಟ್ಬಿಡಿ ಸಾರ್, ಅದೇನ್ ರೂಲಾ?” ಎಂದರು.

“ಖಾಲಿ ಬಿಟ್ರೆ ಯಾವ ಶೆಡ್ಡಿಗೆ ಹಾಕ್ಲಿ? ನಿಮ್ಮನೇಗೆ ಕರ್ಕೊಂಡ್ ಹೋಗ್ತೀರಾ?” ಎಂದು ರೇಗಿದೆ. ವ್ಯಾನಿನಲ್ಲಿ ಹಳಬರ ಜೊತೆ ಬಂದಿದ್ದಾನೆ, ಹಳಬನೇ ಇರಬೇಕು. ‘ಹಳೇ ಗದ್ದುಗೆ’ ಎಂದು ಗೀಚಿ ಪುಸ್ತಕ ಮುಚ್ಚಿ ಊಟಕ್ಕೆ ಎದ್ದೆ.

ನಮ್ಮಲ್ಲಿ ಇದ್ದದ್ದು ಒಂದೇ ಅಡಿಗೆಮನೆ, ಒಂದೇ ಒಲೆ. ವಿಚಾರಣೆ ಕೈದಿಗಳೇ ಬೇಯಿಸಿಕೊಳ್ಳಬೇಕೆಂಬುದು ನಿಯಮ. ಹಳಬ ಮಾಡಿದ್ದನ್ನು ಹೊಸಬ ಮುಟ್ಟುವುದಿಲ್ಲ, ಹೊಸಬ ಮಾಡಿದ್ದನ್ನು ಹಳಬ ಮೂಸುವುದಿಲ್ಲ. ಹಿಂದಿನ ಸಲವೆಲ್ಲ ಊರೊಳಗಿನ ದೊಡ್ಡ ಜೈಲಿನಿಂದ ಗಾಡಿಯಲ್ಲಿ ಊಟ ತರಿಸಿದ್ದೆವು. ಅದು ಹೆಬ್ಬಾಳದ ಕೆರೆ ಏರಿ ದಾಟುವಷ್ಟರಲ್ಲಿ ಮುದ್ದೆ ಕಲ್ಲಾಗಿ, ಸಾರು ಹಳಸಿ, ಎರಡು ಗದ್ದುಗೆಯವರೂ ಆ ಒಂದು ವಿಷಯದಲ್ಲಿ ಮಾತ್ರ ಒಟ್ಟಾಗಿ ನನ್ನನ್ನು ಬೈಯುತ್ತಿದ್ದರು.

ಈ ಸಲ ಹೆಡ್ ವಾರ್ಡರು ಅಡಿಗೆಯವನನ್ನು ಒಲೆಯ ಮುಂದೆ ಕೂರಿಸಿದರು. ಎರಡೂ ಕಡೆಯ ಮದುವೆಗಳಲ್ಲಿ ಬೇಯಿಸಿದ ಕೈ ಅದು, ಯಾರೂ ಚಕಾರ ಎತ್ತಲಿಲ್ಲ. ಅವನು ಮುದ್ದೆ ತೊಳಸುವುದನ್ನು ನೋಡಲು ನಾನೇ ಹೋಗಿ ನಿಲ್ಲುತ್ತಿದ್ದೆ. ಕೊಪ್ಪರಿಗೆಯ ಎಸರಿಗೆ ಹಿಟ್ಟು ಸುರಿದು ಕದಡದೆ ಬಿಟ್ಟು, ಅದು ಕುದಿದು ಸುತ್ತ ನೊರೆ ಬಂದ ಮೇಲೆ ಕೆಂಡ ಹಿಂದಕ್ಕೆಳೆದು, ಕೊಪ್ಪರಿಗೆಯ ಕಿವಿಗೆ ಕವೆಗೋಲು ಸಿಕ್ಕಿಸಿ ಎರಡು ಕಾಲಲ್ಲೂ ಒತ್ತಿ ಹಿಡಿದು ಕೋಲು ತಿರುಗಿಸುತ್ತಿದ್ದ. ಒಂದು ಗಂಟೂ ಇರುತ್ತಿರಲಿಲ್ಲ. ಹುರುಳಿ ಸಾರಿನ ವಾಸನೆಗೆ ವಾರ್ಡರುಗಳು ಮನೆಯ ಬುತ್ತಿ ಬಿಚ್ಚುವುದನ್ನೇ ಬಿಟ್ಟರು.

ಅವನ ಜಾಣತನ ಕಂಡದ್ದು ಬಡಿಸುವಾಗ. ಯಾರಿಗೆ ಮೊದಲು ಎಂಬುದೇ ತಾನೇ ಆ ಜನರ ಜಗಳದ ಬೇರು? ಅವನು ಅಂಗಳದ ನಡುವೆ ನಿಂತು ಎರಡೂ ಕೈಯಲ್ಲಿ ಒಂದೊಂದು ತಟ್ಟೆ ಹಿಡಿಯುತ್ತಿದ್ದ. ಎರಡೂ ಶೆಡ್ಡುಗಳಿಂದ ಒಬ್ಬೊಬ್ಬರು ಬರಬೇಕು, ಇಬ್ಬರಿಗೂ ಒಟ್ಟಿಗೇ ಕೊಡುತ್ತಿದ್ದ. ಮದುವೆಮನೆಗಳಲ್ಲೂ ಹಾಗೇ ಮಾಡುತ್ತಾನಂತೆ. “ಕೈ ಎಲ್ಡು ಕೊಟ್ಟವ್ನೆ ದ್ಯಾವ್ರು, ಇದ್ಕೇ ಇರ್ಬೇಕು ಸ್ವಾಮಿ” ಎಂದು ನಗುತ್ತಿದ್ದ. ಒಂಬತ್ತು ದಿನ ನಮ್ಮ ಜೈಲಿನಲ್ಲಿ ತಕರಾರೇ ಇರಲಿಲ್ಲ. ನಾಲ್ಕು ವರ್ಷದಲ್ಲಿ ನಾನು ನೆಮ್ಮದಿಯಿಂದ ಮನೆಗೆ ಹೋದ ಒಂಬತ್ತು ದಿನಗಳು ಅವು.

ಹತ್ತನೆಯ ದಿನ ಎಲ್ಲರನ್ನೂ ಕೋರ್ಟಿಗೆ ಕರೆದೊಯ್ದೆವು. ಜೊತೆಗೆ ದಾಖಲು ಪುಸ್ತಕದ ನಕಲು ಕಳಿಸುವುದು ಪದ್ಧತಿ. ನಕಲು ಮಾಡಿದ ಗುಮಾಸ್ತ ಷರಾ ಕಾಲಮನ್ನೂ ಅಚ್ಚುಕಟ್ಟಾಗಿ ಇಳಿಸಿದ್ದ. ಅದನ್ನು ನೋಡಿದ ಮ್ಯಾಜಿಸ್ಟ್ರೇಟರಿಗೆ ಬಹಳ ಅನುಕೂಲವೆನಿಸಿತು. ಪ್ರತಿಯೊಬ್ಬನೂ ಶಾಂತಿ ಕಾಪಾಡುವುದಾಗಿ ಮುಚ್ಚಳಿಕೆ ಬರೆದುಕೊಡಬೇಕು, ಅವನ ಗದ್ದುಗೆಯ ಒಬ್ಬ ಮುಖಂಡ ಅವನಿಗೆ ಜಾಮೀನು ನಿಲ್ಲಬೇಕು, ಆಗ ಬಿಡುಗಡೆ ಎಂದು ಆಜ್ಞೆಯಾಯಿತು. ಕೋರ್ಟಿನ ಜವಾನ ಎರಡು ಪಟ್ಟಿಗಳನ್ನೂ ಗಟ್ಟಿಯಾಗಿ ಓದಿದ. ಹಳೇ ಗದ್ದುಗೆಯ ಪಟ್ಟಿಯ ಕೊನೆಯಲ್ಲಿ ಅಡಿಗೆಯವನ ಹೆಸರು ಬಂತು.

ಆ ಸಂಜೆ ಎರಡನೇ ಶೆಡ್ಡಿನಿಂದ ಊಟಕ್ಕೆ ಯಾರೂ ಬರಲಿಲ್ಲ. ಅಡಿಗೆಯವನು ಅಂಗಳದ ನಡುವೆ ಎರಡು ತಟ್ಟೆ ಹಿಡಿದು ನಿಂತೇ ಇದ್ದ. ನಾನು ಹೋಗಿ ಹೊಸಬರ ಮುಂದಾಳನ್ನು ಕೇಳಿದೆ. ಅವರೊಬ್ಬ ಪ್ರೈಮರಿ ಶಾಲೆಯ ಮೇಷ್ಟರು, ಮಾತು ಬಲ್ಲವರು.

“ಏನ್ ಮೇಷ್ಟ್ರೇ, ಒಂಬತ್ತು ದಿನ ಉಂಡ್ರಲ್ಲ, ಇವತ್ತೇನಾಯ್ತು?”

“ಆ ಶೆಡ್ಡಲ್ಲಿ ಬರೀ ಮಲಗ್ತಾನೆ ಅಂದ್ಕೊಂಡು, ಗೊತ್ತಿಲ್ದೆ ಉಂಡ್ವಿ ಸಾರ್. ಅವನು ಆ ಕಡೆಯವನು ಅಂತ ಕೋರ್ಟಲ್ಲೇ ಓದಿದ್ರಲ್ಲ.”

“ಅದು ಸುಮ್ನೆ ಬರೆದದ್ದು ಕಣ್ರೀ. ಶೆಡ್ಡಿಗೋಸ್ಕರ.”

“ಸುಮ್ನೆ ಬರೀತಾರಾ ಸಾರ್ ಸರ್ಕಾರದ ಪುಸ್ತಕದಲ್ಲಿ? ಬರೆದವರು ನೀವೇ. ಈಗ ಸುಳ್ಳು ಅಂತೀರಾ?”

ನಾನು ನನ್ನ ಮೇಜಿನ ಕಡೆಗೆ ತಿರುಗಿ ನಡೆದೆ. ಪುಸ್ತಕದಲ್ಲಿ ಸುಳ್ಳು ಬರೆದೆನೆಂದು ಮೂವತ್ತು ಕೈದಿಗಳ ಮುಂದೆ ಒಪ್ಪಿಕೊಳ್ಳುವ ಅಧಿಕಾರಿ ಎಲ್ಲಾದರೂ ಇದ್ದಾನೆಯೇ? ಮರುದಿನದಿಂದ ಮತ್ತೆ ಗಾಡಿ, ಮತ್ತೆ ಕಲ್ಲಿನಂಥ ಮುದ್ದೆ.

ವಾರದೊಳಗೆ ಶೆಡ್ಡುಗಳು ಖಾಲಿಯಾದವು. ಹಳೇ ಗದ್ದುಗೆಯ ಯಜಮಾನರು ಜರಿ ಪೇಟ ಸುತ್ತಿಕೊಂಡು ಜೀಪಿನಲ್ಲಿ ಬಂದರು. ತಮ್ಮವರಿಗೆಲ್ಲ ಕೋರ್ಟಿನಲ್ಲಿ ಜಾಮೀನು ನಿಂತು, ಬಿಡುಗಡೆ ಪತ್ರಗಳನ್ನು ತಾವೇ ತಂದಿದ್ದರು. ಎಣಿಸಿದರೆ ಒಂದು ಕಡಿಮೆ.

“ಅಡಿಗೆಯವನದು ಎಲ್ಲಿ ಯಜಮಾನ್ರೇ?”

“ಅವನು ನಮ್ಮೋನಲ್ಲ ಕಣ್ರೀ. ಆ ಕಡೆ ಮದ್ವೇಗೂ ಬೇಯಿಸ್ತಾನೆ. ಅವನಿಗೆ ನಾನ್ಯಾಕೆ ನಿಂತ್ಕೊಳ್ಳಲಿ?”

ಹೊಸಬರು ಪುಸ್ತಕ ನೋಡಿ ಬೇಡವೆಂದರು, ಹಳಬರು ಪುಸ್ತಕದಲ್ಲಿದ್ದರೂ ಬೇಡವೆಂದರು. ಹಾರ ಹಾಕಿಸಿಕೊಂಡು, ಜೈಕಾರ ಕೂಗಿಕೊಂಡು, ತಲೆ ಒಡೆದವರೆಲ್ಲ ಮನೆಗೆ ಹೋದರು. ಯಾರಿಗೂ ಒಂದೇಟು ಹೊಡೆಯದ ಆ ಪ್ರಾಣಿಯೊಂದೇ ತಗಡಿನ ಶೆಡ್ಡಿನಲ್ಲಿ ಉಳಿಯಿತು. “ಗಂಡ ಹೆಂಡ್ತಿ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ ಸಾರ್, ಹಂಗಾಯ್ತು” ಎಂದರು ಹೆಡ್ ವಾರ್ಡರು. ಅವರು ನನ್ನನ್ನು ನೇರವಾಗಿ ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಭೇಟಿಯ ದಿನ ಅವನ ಹೆಂಡತಿ ಬಂದಳು. ತಂತಿಬೇಲಿಯ ಎರಡೂ ಬದಿಗೆ ನಿಂತು ಗಂಡಹೆಂಡಿರು ಅರ್ಧ ಗಂಟೆ ಕಳೆದರು. ಹೋಗುವಾಗ ಅವಳು ನನ್ನ ಮೇಜಿನ ಹತ್ತಿರ ಬಂದಳು.

“ಸ್ವಾಮಿ, ಒಸಬ್ರು ಬಂದು ಅವ್ರ್ ಕೊಟ್ಟಿದ್ ಕೊಪ್ರಿಗೆ ಎಲ್ಲಾ ಎತ್ಕೊಂಡೋದ್ರು. ಅಳಬ್ರು ಬ್ಯಾರೆ ಅಡಿಗೆಯೋನ್ನ ಗೊತ್ ಮಾಡ್ಕೊಂಡವ್ರೆ. ಮುಂದ್ಲ ತಿಂಗ್ಳು ಮದ್ವೆ ಸಾಲು, ಇವ್ರ್ ಈಚೆ ಬರ್ದಿದ್ರೆ ನಮ್ ಕೈಯಾಗಿನ್ ಕೆಲ್ಸ ಓದಂಗೇಯ. ಅದೇನೋ ಪುಸ್ತಕ್ದಾಗೆ ನೀವ್ ಬರೆದ್ರಂತೆ. ನೀವೇ ಅಳಿಸ್ಬಿಡಿ ಸ್ವಾಮಿ.”

ಅವಳಿಗೆ ಅದು ಸ್ಲೇಟಿನ ಮೇಲಿನ ಬರಹದಷ್ಟು ಸುಲಭ. ಜೈಲಿನ ದಾಖಲು ಪುಸ್ತಕದಲ್ಲಿ ಒಂದಕ್ಷರ ಕೆರೆದರೆ ಅದು ಅಪರಾಧ. ತಿದ್ದಬೇಕಾದರೆ ಸೂಪರಿಂಟೆಂಡೆಂಟರ ಲಿಖಿತ ಅಪ್ಪಣೆ ಬೇಕು. “ಬರೀತೀನಿ ಕಣಮ್ಮಾ, ಮೇಲಿನವರಿಗೆ ಬರೀತೀನಿ” ಎಂದೆ. ಬರೆದೆ. ಅಡಿಗೆಯವನ ಷರಾ ತಪ್ಪಾಗಿ ನಮೂದಾಗಿದೆ, ತಿದ್ದಲು ಅಪ್ಪಣೆಯಾಗಬೇಕು ಎಂದು.

ಐದು ದಿನದ ಮೇಲೆ ಉತ್ತರ ಬಂತು. ಷರಾ ಕಾಲಮಿನಲ್ಲಿ ಗದ್ದುಗೆಯ ಹೆಸರು ಬರೆಯಲು ನಿಮಗೆ ಅಧಿಕಾರ ಕೊಟ್ಟವರು ಯಾರು, ವಿವರಣೆ ಕೊಡಿ. ಬೆನ್ನು ತಟ್ಟಿದ ಕೈಯೇ ಇದನ್ನೂ ಬರೆದಿತ್ತು. ವಿವರಣೆ ಕೊಟ್ಟೆ. ವಾರ್ಡರನ ಕೈ ಮುರಿದದ್ದು, ಶೆಡ್ಡು ವಿಂಗಡಿಸಿದ್ದು, ಆಮೇಲೆ ಹೊಡೆದಾಟ ನಿಂತದ್ದು, ಎಲ್ಲವನ್ನೂ ಮೂರು ಪುಟ ಬರೆದೆ. ಮತ್ತೆ ಉತ್ತರ: ಅಂಥ ನಮೂದಿಗೆ ನಿಯಮದಲ್ಲಿ ಅವಕಾಶವೇ ಇಲ್ಲದಿರುವುದರಿಂದ ಅದು ಇಲ್ಲವೆಂದೇ ಭಾವಿಸತಕ್ಕದ್ದು; ಇಲ್ಲದ ನಮೂದನ್ನು ತಿದ್ದುವ ಪ್ರಶ್ನೆ ಉದ್ಭವಿಸುವುದಿಲ್ಲ.

ಆ ಕಾಗದ ಹಿಡಿದುಕೊಂಡು ಕೋರ್ಟಿಗೆ ಓಡಿದೆ. ಅಲ್ಲಿನ ಶಿರಸ್ತೇದಾರರು ಕನ್ನಡಕ ಏರಿಸಿ ಓದಿ, “ನಮೂದು ಇಲ್ಲ ಅಂತ ನಿಮ್ಮ ಸಾಹೇಬ್ರು ಅಂತಾರೆ. ನಮ್ಮ ಹತ್ರ ನಕಲು ಇದೆಯಲ್ರೀ. ಮೊಹರು ಬಿದ್ದಿದೆ. ಅದನ್ನ ಇಲ್ಲ ಅನ್ನೋಕಾಗುತ್ತಾ?” ಎಂದರು. ಒಂದು ಭಾನುವಾರ ಸೈಕಲ್ ತುಳಿದು ಯಜಮಾನರ ಊರಿಗೂ ಹೋದೆ. ಮಜ್ಜಿಗೆ ಕೊಟ್ಟು ಕಳಿಸಿದರು. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬರುತ್ತಿತ್ತು, ಯಾರ ಮೇಲೆ ಎಂದು ಮಾತ್ರ ತಿಳಿಯುತ್ತಿರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಣ್ಣುತ್ತಿದ್ದವನು ಅವನು.

ಅವನು ಒಂದು ದಿನವೂ ನನ್ನನ್ನು ದೂರಲಿಲ್ಲ. ಬೆಳಿಗ್ಗೆ ಎದ್ದು ಒಲೆ ಸಾರಿಸುತ್ತಿದ್ದ, ವಾರ್ಡರುಗಳಿಗೆ ಬೇಯಿಸುತ್ತಿದ್ದ, ಸಂಜೆ ಎಣಿಕೆಯ ಹೊತ್ತಿಗೆ ಒಬ್ಬನೇ ಶೆಡ್ಡಿನ ಬಾಗಿಲಲ್ಲಿ ನಿಲ್ಲುತ್ತಿದ್ದ. ಹೆಡ್ ವಾರ್ಡರು ಗಟ್ಟಿಯಾಗಿ “ಒಂದು” ಎಂದು ಕೂಗಿ ಬೀಗ ಹಾಕುತ್ತಿದ್ದರು. ಆ “ಒಂದು” ಕೇಳಲಾರದೆ ನಾನು ಎಣಿಕೆಯ ಹೊತ್ತಿಗೆ ಹಿತ್ತಲಿಗೆ ಹೋಗಿಬಿಡುತ್ತಿದ್ದೆ.

ಕೋರ್ಟಿನ ಮುಂದಿನ ವಾಯಿದೆಯ ದಿನ ಬೆಳಿಗ್ಗೆ ನಾನು ದಾಖಲು ಪುಸ್ತಕವನ್ನೇ ಕಂಕುಳಲ್ಲಿಟ್ಟುಕೊಂಡು ಹೊರಟೆ. ಆ ಪುಸ್ತಕ ಗೇಟು ದಾಟುವಂತಿಲ್ಲ. ಹೆಡ್ ವಾರ್ಡರು ದಾರಿಗೆ ಅಡ್ಡ ನಿಂತರು.

“ಸಾರ್, ಮನೇಲಿ ಸಣ್ಣ ಮಕ್ಕಳಿವೆ. ಕೆಲಸ ಹೋಗುತ್ತೆ.”

“ಹೋದ್ರೆ ಹೋಗ್ಲಿ. ಆ ಕೊನೇ ಕಾಲಂ ಖಾಲಿ ಬಿಡಿ ಅಂದೋರು ನೀವೇ ಅಲ್ವಾ?”

“ಆವತ್ತು ಅಂದೆ. ಆವತ್ತೇ ಕೇಳ್ಬೇಕಿತ್ತು” ಎಂದು ಗೊಣಗುತ್ತಾ ಅವರು ಗೇಟು ತೆಗೆದರು.

ಮ್ಯಾಜಿಸ್ಟ್ರೇಟರ ಮುಂದೆ ಪುಸ್ತಕ ಬಿಚ್ಚಿದೆ. “ಸ್ವಾಮಿ, ಈ ಮಾತು ಈ ಮನುಷ್ಯ ಹೇಳಿದ್ದಲ್ಲ. ಯಾವ ಕಡೆಯೂ ಅಲ್ಲ ಅಂತ ಹೇಳಿದ. ನನಗೆ ಹಸಿವಾಗಿತ್ತು, ರೇಗಿಹೋಗಿ ನಾನೇ ಬರೆದೆ” ಎಂದೆ. ಕೆಂಪು ಮಸಿಯಲ್ಲಿ ಆ ಎರಡು ಪದ ಹೊಡೆದುಹಾಕಿ, ಅವರ ಕಣ್ಣೆದುರೇ ಪಕ್ಕದಲ್ಲಿ ರುಜು ಮಾಡಿದೆ. ಅವರು ನನ್ನನ್ನು ಚೆನ್ನಾಗಿ ಬೈದರು. ಊಟದ ಹೊತ್ತು ನೋಡಿಕೊಂಡು ಜನರನ್ನು ಜೈಲಿಗೆ ಕಳಿಸಬೇಕೇನ್ರೀ ಎಂದು ಕೇಳಿದರು. ಆಮೇಲೆ, ಅಡಿಗೆಯವನು ಬರೀ ತನ್ನ ಸ್ವಂತ ಮುಚ್ಚಳಿಕೆಯ ಮೇಲೆ ಹೋಗಬಹುದು ಎಂದು ಬರೆದರು.

ಬಿಡುಗಡೆಯ ಹೊತ್ತಿಗೆ ಗಂಟು ಬಿಚ್ಚಿ ಸೌಟು ಕೊಟ್ಟೆ. ಹಾರ ಹಿಡಿದು ಯಾರೂ ಬಂದಿರಲಿಲ್ಲ. ಸೌಟನ್ನು ಹೆಗಲ ಮೇಲಿಟ್ಟುಕೊಂಡು ಅವನು ಯಲಹಂಕದ ಕಡೆ ನಡೆದ. ಅವತ್ತು ಮತ್ತಿಕೆರೆಗೆ ಹೋಗುವಾಗ ಹೆಬ್ಬಾಳದ ಏರಿಯ ಮೇಲೆ ಸೈಕಲ್ ಇಳಿದು ಒಂದಷ್ಟು ಹೊತ್ತು ನಿಂತಿದ್ದೆ. ಮನಸ್ಸು ಹಗುರವಾಗಿತ್ತು, ಅದನ್ನು ಮುಚ್ಚಿಡುವುದೇಕೆ?

ನನ್ನ ಕೆಲಸ ಹೋಗಲಿಲ್ಲ. ಪುಸ್ತಕ ಹೊರಗೆ ಒಯ್ದದ್ದಕ್ಕೆ ಒಂದು ಎಚ್ಚರಿಕೆ ಪತ್ರ ಬಂತು, ಅಷ್ಟೆ. ಅದಾದ ಕೆಲವು ತಿಂಗಳಿಗೆ ಒಂದು ಕಟ್ಟು ಬಂತು. ಬಿಚ್ಚಿದರೆ ಹೊಸ ದಾಖಲು ಪುಸ್ತಕಗಳು, ಅಚ್ಚಾಗಿ ಬಂದವು. ಷರಾದ ಪಕ್ಕದಲ್ಲಿ ಹೊಸದೊಂದು ಕಾಲಂ: ಪಂಗಡ. ಕೆಳಗೆ ಸಣ್ಣ ಅಕ್ಷರದಲ್ಲಿ, ಈ ಕಾಲಮನ್ನು ಖಾಲಿ ಬಿಡತಕ್ಕದ್ದಲ್ಲ. ಜೊತೆಗಿದ್ದ ಸುತ್ತೋಲೆಯಲ್ಲಿ, ಕೈದಿಗಳನ್ನು ವಿಂಗಡಿಸುವುದರಿಂದ ಒಳಗಿನ ಹೊಡೆದಾಟ ನಿಲ್ಲುತ್ತದೆಂದು ಒಬ್ಬ ಸಹಾಯಕ ಜೈಲರರ ವಿವರಣೆಯಿಂದ ತಿಳಿದುಬಂದಿದೆ ಎಂದಿತ್ತು. ನನ್ನ ಮೂರು ಪುಟಗಳಲ್ಲಿ ಅವರಿಗೆ ಬೇಕಾದ ಪುಟ ಅದೊಂದೇ. ಅಡಿಗೆಯವನ ಮಾತು ಎಲ್ಲೂ ಇರಲಿಲ್ಲ. ಹೆಡ್ ವಾರ್ಡರಿಗೆ ಓದಿ ಹೇಳಿದೆ. ಅವರು ಬೀಡಿ ಹಚ್ಚಿದರು.

ಮುಂದಿನ ಚುನಾವಣೆ ಹತ್ತಿರವಾದಾಗ ಮತ್ತೆ ಗಲಾಟೆ, ಮತ್ತೆ ವ್ಯಾನು. ಅಚ್ಚಿನ ಪುಸ್ತಕ ಬಿಚ್ಚಿ ಕೂತಿದ್ದೆ. ಸಾಲಿನ ನಡುವೆ ಪರಿಚಯದ ಮುಖವೊಂದು ಕಂಡಿತು. ಈ ಸಲ ಕಾಲಿಗೆ ಮಸಿ ಇರಲಿಲ್ಲ, ಕೈಯಲ್ಲಿ ಸೌಟಿರಲಿಲ್ಲ. ಹಣೆಯ ಮೇಲೆ ಕಲ್ಲೇಟಿನ ಗಾಯವಿತ್ತು. ಹೆಸರು, ತಂದೆಯ ಹೆಸರು, ಊರು ಎಲ್ಲ ನನಗೇ ಗೊತ್ತಿತ್ತು, ಕೇಳದೆ ಬರೆದುಕೊಂಡೆ. ಹೊಸ ಕಾಲಮಿಗೆ ಬಂದಾಗ ಪೆನ್ನು ನಿಂತಿತು.

ನಾನು ಕೇಳುವ ಮೊದಲೇ ಅವನು, “ಅಳೇ ಗದ್ದುಗೆ ಅಂತ ಬರ್ಕೊಳ್ಳಿ ಸ್ವಾಮಿ” ಎಂದ.

“ಯಾಕಯ್ಯಾ? ಯಾವುದೂ ಅಲ್ಲ ಅಂದಿದ್ದೆಯಲ್ಲ?”

“ಅಂಗಂದಿದ್ಕೇ ಅಲ್ವಾ ಸ್ವಾಮಿ ಒಬ್ನೇ ಉಳ್ಕೊಂಡಿದ್ದು. ಓದ ವರ್ಸ ಓಗಿ ಯಜಮಾನ್ರ ಕಾಲಿಗ್ ಬಿದ್ದು ತಾಂಬೂಲ ಇಸ್ಕೊಂಡೆ. ಈ ಸಲ ಬಿಡಿಸ್ಕೊಳ್ಳಾಕೆ ಜನ ಅವ್ರೆ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನನ್ನ ಮೇಲಂತೂ ಇರಲೇ ಇಲ್ಲ. ಹೇಳಿದಂತೆಯೇ ಬರೆದೆ. ಖಾಲಿ ಬಿಡುವಂತಿರಲಿಲ್ಲ. ಏನೋ ಒಂದು ಹೇಳಬೇಕಲ್ಲ ಎಂದು, “ಸರಿ, ಹೋಗು. ಸಂಜೆಗೆ ಒಲೆ ಹಚ್ಚಿಬಿಡಪ್ಪಾ, ಹಿಂದಿನ ಸಲದ ಹಾಗೆ” ಎಂದೆ.

ಅವನು ಎದುರಿನ ಎರಡನೇ ಶೆಡ್ಡಿನ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿ, “ನಮ್ಮೋರ್ಗೆ ಮಾಡ್ತೀನಿ ಸ್ವಾಮಿ” ಎಂದ.

ಆ ಸಂಜೆ ಹೆಡ್ ವಾರ್ಡರು ಇಟ್ಟಿಗೆ ಹೊರಿಸಿ ತಂದು, ಎರಡನೇ ಶೆಡ್ಡಿನ ಹಿಂದೆ ಇನ್ನೊಂದು ಒಲೆ ಹೂಡಿಸಿದರು.